ಹೊಟ್ಟೆಯಲ್ಲಿ ನೀರು ನಿಂತ ಮಷಿನ್

ಆ ಮನೆಯ ಓನರ್‌ಗೆ ಬರುತ್ತಿದ್ದದ್ದು ಒಂದೇ ಮಾತು: "ಆಯ್ತು."

ನಲ್ಲಿ ಸೋರುತ್ತಿದೆ ಅಂದರೆ ಆಯ್ತು. ಚಿಲಕ ಕಿತ್ತು ಬಂದಿದೆ ಅಂದರೆ ಆಯ್ತು. ಮೆಟ್ಟಿಲ ದೀಪ ಸುಟ್ಟುಹೋಗಿದೆ, ಯಾರಾದರೂ ಜಾರಿ ಬಿದ್ದು ಸತ್ತಾರು ಅಂದರೂ ಆಯ್ತು. ಒಪ್ಪಿದೆ ಅನ್ನುವುದಕ್ಕೂ ನಾವು ಆಯ್ತು ಅನ್ನುತ್ತೇವೆ, ಕೆಲಸ ಮುಗಿಯಿತು ಅನ್ನುವುದಕ್ಕೂ ಆಯ್ತು, ಒಬ್ಬರ ಕಥೆ ಮುಗಿಯಿತು ಅನ್ನುವುದಕ್ಕೂ ಆಯ್ತು, ಸಾಕು ಬಾಯಿ ಮುಚ್ಚು ಅನ್ನುವುದಕ್ಕೂ ಆಯ್ತು. ಓನರ್ ಬಾಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು: ಏನೂ ಆಗುವುದಿಲ್ಲ. ಈ ಅರ್ಥ ಚೆನ್ನಾಗಿ ತಲೆಗೆ ಹತ್ತುವುದಕ್ಕೆ ಕೆಳಮನೆಯ ಬಾಡಿಗೆ ಹೆಂಗಸಿಗೆ ಬಟ್ಟೆ ಒಗೆಯುವ ಮಷಿನ್ ಕೆಡಬೇಕಾಯಿತು.

ಅವಳು ಗಾರ್ಮೆಂಟ್ಸಿನಲ್ಲಿ ಒಂದು ಸಾಲು ಹೊಲಿಗೆಯವರ ಸೂಪರ್‌ವೈಸರ್. ಕೈಕೆಳಗಿನ ಹೆಂಗಸರು ಅವಳಿಗಿಟ್ಟ ಹೆಸರು ಬೆಂಕಿಪೊಟ್ಟಣ. ಗೀರಬೇಕಾಗಿಯೂ ಇರಲಿಲ್ಲ, ಹತ್ತಿರ ಸುಳಿದರೆ ಸಾಕು, ಹೊತ್ತಿಕೊಳ್ಳುತ್ತಿದ್ದಳು. ಗಂಡ ಅದಕ್ಕೆ ಸರಿಯಾಗಿ ಒದ್ದೆ ಸೌದೆ. ಪ್ರೆಸ್ಸಿನಲ್ಲಿ ಅಚ್ಚು ಹಾಕುವ ಕೆಲಸ, ಉಗುರಿನಿಂದ ಅಂಗಿಯ ತುದಿಯವರೆಗೆ ಕಪ್ಪು ಶಾಯಿ, ಬಾಯಲ್ಲಿ ಸದಾ "ಹೋಗ್ಲಿ ಬಿಡು". ಓನರ್ ಆಯ್ತು ಅನ್ನುವುದು, ಗಂಡ ಹೋಗ್ಲಿ ಬಿಡು ಅನ್ನುವುದು, ಈ ಎರಡರ ನಡುವೆ ಅವಳ ತಲೆ ಅರೆಯುವ ಕಲ್ಲಿಗೆ ಸಿಕ್ಕ ಕಾಳಿನಂತಾಗಿತ್ತು.

ಸೋಮವಾರ ಬೆಳಿಗ್ಗೆ ಮಷಿನ್ ಅರ್ಧ ಒಗೆದು ಗೊರಕೆಯಂಥ ಸದ್ದು ಮಾಡಿ ನಿಂತುಬಿಟ್ಟಿತು. ಎದುರಿಗೆ ಗುಂಡು ಗಾಜಿನ ಬಾಗಿಲಿದ್ದ ಮಷಿನ್ ಅದು. ಒಳಗೆ ನೀರಿರುವ ತನಕ ಆ ಬಾಗಿಲನ್ನು ಯಾರು ಎಳೆದರೂ ತೆರೆಯುವುದಿಲ್ಲ. ನೀರು ಹೊರಗೆ ಹೋಗಲೊಲ್ಲದು, ಬಾಗಿಲು ತೆರೆಯಲೊಲ್ಲದು. ಗಾಜಿನ ಹಿಂದೆ, ಬೂದು ಬಣ್ಣದ ನೀರಿನಲ್ಲಿ, ನೀಲಿ ಹೂವಿನ ಬೆಡ್‌ಶೀಟ್ ಒಂದು ಹೊಟ್ಟೆ ಮೇಲಾಗಿ ಸತ್ತ ಮೀನಿನ ಹಾಗೆ ತೇಲುತ್ತಿತ್ತು.

ಆ ಬೆಡ್‌ಶೀಟ್ ಅತ್ತೆಯದು.

ಹೋದ ವರ್ಷ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿತು, ನಡಿಗೆ ಮಾತ್ರ ನಿಧಾನವಾಯಿತು. ಕೆಲವು ರಾತ್ರಿ ಬಚ್ಚಲು ಮುಟ್ಟುವಷ್ಟರಲ್ಲಿ ತಡವಾಗಿಬಿಡುತ್ತಿತ್ತು. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಬೆಳಿಗ್ಗೆ ಅತ್ತೆ ಬೆಡ್‌ಶೀಟನ್ನು ಮಡಚಿ ಮಷಿನ್ ಪಕ್ಕ ಇಡುವುದು, ಸೊಸೆ ಅದನ್ನು ಒಳಗೆ ಹಾಕಿ ಬಾಗಿಲು ಮುಚ್ಚುವುದು, ಅಷ್ಟೇ. ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಮಷಿನ್ ಇದೆ ಅನ್ನುವ ಒಂದೇ ಕಾರಣಕ್ಕೆ ಅವರು ಬೆಳಕಿಲ್ಲದ ಆ ಕೆಳಮನೆಗೆ ಬಂದದ್ದು. ಈಗ ಅದೇ ಮಷಿನ್ ಅತ್ತೆಯ ಗುಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನ ಮಾಡುತ್ತಿತ್ತು. ಅತ್ತೆ ಹೋಗಿ ಗಾಜಿನ ಮೇಲೆ ಒಂದು ಟವೆಲ್ ಇಳಿಬಿಟ್ಟರು.

ಬೆಂಕಿಪೊಟ್ಟಣ ಮೇಲಿನ ಮನೆಗೆ ಓಡಿದಳು. ಓನರ್ ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರ ಬೆನ್ನ ಹಿಂದೆ ಅವರ ಹೊಸ ಮಷಿನ್ ಗಿರ್ರೆಂದು ತಿರುಗುತ್ತಿತ್ತು. ಅದು ಬಂದ ಮೇಲೆ ಹಳೆಯದನ್ನು ಕೆಳಗೆ ತಳ್ಳಿ 'ಮಷಿನ್ ಇರೋ ಮನೆ' ಅಂತ ಬಾಡಿಗೆಗೆ ಕೊಟ್ಟ ಪುಣ್ಯಾತ್ಮ.

"ಸಾರ್, ಮಷಿನ್ ನೀರು ಬಿಡ್ತಿಲ್ಲ."

"ಆಯ್ತು."

"ನಾನೇ ಯಾರನ್ನಾದ್ರೂ ಕರೆಸ್ಲಾ?"

ಆಗ ಮಾತ್ರ ಪೇಪರ್ ಕೆಳಗಿಳಿಯಿತು. "ಏ, ಬೇಡಮ್ಮ! ಕಂಡಕಂಡವರ ಕೈ ಅದರ ಮೇಲೆ ಬೀಳಬಾರದು. ಬಿದ್ದರೆ ಮನೆ ಖಾಲಿ ಮಾಡಿ ಅಂತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ನನ್ನ ಭಾವಮೈದನೇ ಮೆಕ್ಯಾನಿಕ್ ಇದ್ದಾನೆ. ಆ ಮಷಿನ್ನಿನ ನಾಡಿ ಅವನಿಗೆ ಗೊತ್ತು. ಹಗಲು ಮನೇಲಿ ಇರೋರ ನಂಬರ್ ಕೊಡಿ, ಅವನಿಗೆ ಹೇಳ್ತೀನಿ."

ಹಗಲು ಮನೆಯಲ್ಲಿ ಇರುತ್ತಿದ್ದದ್ದು ಅತ್ತೆ ಒಬ್ಬರೇ. ಅವರ ಪುಟ್ಟ ಫೋನಿನ ನಂಬರ್ ಕೊಟ್ಟು ಬಂದಳು.

ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ ಇಲ್ಲ. ಬುಧವಾರ ಸಂಜೆಗೆ ಬಚ್ಚಲಿನಿಂದ ಕೆರೆಯ ಕೆಸರಿನಂಥ ವಾಸನೆ ಎದ್ದಿತು. ಮೇಲಿನವರು ಕಿಟಕಿ ಮುಚ್ಚಿಕೊಂಡರು. ಅದಕ್ಕೆ ಬೇಕಾದಷ್ಟು ಚುರುಕುತನ ಅವರಲ್ಲಿತ್ತು.

ಗುರುವಾರ ಅವಳು ಕೆಲಸ ಮುಗಿಸಿ ಬರುವಾಗ ನಡುಮನೆಯಲ್ಲಿ ಅತ್ತೆಯ ತಗಡಿನ ಟ್ರಂಕು ಕಂಡಿತು. ಅಟ್ಟದ ಮೇಲಿದ್ದದ್ದು ಕೆಳಗೆ ಬಂದಿದೆ. ಮುಚ್ಚಳ ತೆರೆದಿದೆ. ಸೀರೆಗಳು, ಹಿತ್ತಾಳೆ ಪಾತ್ರೆಗಳು, ಮಾವನ ಕಾಲದ ಇದ್ದಿಲ ಇಸ್ತ್ರಿ ಪೆಟ್ಟಿಗೆ, ಎಲ್ಲ ಒಳಗೆ ಸೇರಿವೆ.

"ಏನಿದು?" ಅಂದಳು ಗಂಡನಿಗೆ.

"ಅಮ್ಮ ಇಳಿಸು ಅಂದ್ರು, ಇಳಿಸ್ದೆ. ಭಾನುವಾರ ಚಿಕ್ಕೋನ ಮನೆಗೆ ಹೋಗ್ತಾರಂತೆ. ಅವನಿಗೆ ಅಮ್ಮನೇ ಫೋನ್ ಮಾಡಿ ಹೇಳಿದಾರೆ."

"ಇಳಿಸು ಅಂದ್ರೆ ಇಳಿಸಿಬಿಡೋದಾ? ಯಾಕೆ ಅಂತ ಕೇಳೋಕೆ ಬಾಯಿರಲಿಲ್ವಾ?"

"ಹೋಗ್ಲಿ ಬಿಡು. ನಾಲ್ಕು ದಿನ ಇದ್ದು ಬರ್ತಾರೆ."

ನಾಲ್ಕು ದಿನ! ಅತ್ತೆ ಹಿಂದಿನ ಸಲ ಆ ಚಿಕ್ಕ ಮಗನ ಮನೆಗೆ ಹೋದಾಗಲೂ ನಾಲ್ಕು ದಿನ ಅಂತಲೇ ಹೋಗಿದ್ದು. ಮೂರನೆಯ ಮಹಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಾಗ ಮುದುಕಿ ಬಿದ್ದುಗಿದ್ದಾಳು ಅಂತ ಹೊರಗಿನಿಂದ ಬೀಗ. ಅಲ್ಲಿ ಬೆಡ್‌ಶೀಟ್ ಒದ್ದೆಯಾದೀತು ಅಂತ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ವಾಪಸು ಬಂದಾಗ ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಆಸ್ಪತ್ರೆಯಲ್ಲಿ ಬಾಟಲಿಗಟ್ಟಲೆ ನೀರು ಮೈಗೆ ಏರಿಸಿಯೇ ಸರಿಯಾದದ್ದು. ಚಿಕ್ಕೋನಿಗಾಗಲಿ ಅವನ ಹೆಂಡತಿಗಾಗಲಿ ಅದರ ಕಾರಣ ಈಗಲೂ ಗೊತ್ತಿಲ್ಲ. ಬೆಂಕಿಪೊಟ್ಟಣಕ್ಕೆ ಗೊತ್ತಿತ್ತು. ಇನ್ನೊಂದು ಸಲ ಹೋದರೆ ಮುದುಕಿ ತಿರುಗಿ ಬರುವುದಿಲ್ಲ ಅನ್ನುವುದೂ ಗೊತ್ತಿತ್ತು.

ಅತ್ತೆಯ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಬಂತು, ಕೊನೆಗೆ ಅದೆಲ್ಲ ಸೇರಿ ಮೆಕ್ಯಾನಿಕ್ ಕಡೆ ತಿರುಗಿತು. ಮೇಲೆ ಹೋಗಿ ಅವನ ನಂಬರ್ ಕಿತ್ತುಕೊಂಡು ಬಂದು ಫೋನ್ ಮಾಡಿದಳು.

"ಏನಪ್ಪಾ, ಬರೋ ಯೋಚನೆ ಇದೆಯೋ ಇಲ್ವೋ?"

"ಯಾವ ಮನೆ ಅಕ್ಕಾ?"

"ನಿನ್ನ ಭಾವನ ಕೆಳಮನೆ. ಮಷಿನ್ ನೀರು ತುಂಬ್ಕೊಂಡು ಕೂತಿದೆ."

"ಅಯ್ಯೋ, ಅದು ಆಯ್ತಲ್ಲ!"

"ಏನಾಯ್ತು?"

"ಸರಿ ಆಯ್ತಂತಲ್ಲ ಅಕ್ಕಾ. ನಾನು ಯಾವ ಮಷಿನ್ನಿಗೂ ಒಂದೆರಡು ದಿನ ಟೈಮ್ ಕೊಡ್ತೀನಿ. ಅರ್ಧ ಮಷಿನ್‌ಗಳು ಸುಮ್ನೆ ಬಿಟ್ರೆ ತಾವೇ ಸರಿ ಹೋಗ್ತವೆ. ಬುಧವಾರ ಹೊರಡೋ ಮುಂಚೆ ನಿಮ್ಮನೆ ಅಜ್ಜಿಗೆ ಫೋನ್ ಮಾಡಿ, ಬಟ್ಟೆ ಮಷಿನ್ ಆಯ್ತಾ ಅಂದೆ. ಅಜ್ಜಿ, ಆಯ್ತಪ್ಪಾ ಆಯ್ತು, ಒಣಗೂ ಹಾಕಾಯ್ತು ಅಂದ್ರು. ಒಣಗೂ ಹಾಕಿದಾರೆ ಅಂದ ಮೇಲೆ ನಾನ್ಯಾಕೆ ಬರಲಿ?"

"ಜ್ವರ ಬಂದವರಿಗೂ ನಿನ್ನ ವೈದ್ಯ ಇದೇನಾ? ಟೈಮ್ ಕೊಡೋದು?" ಅಂದು ಫೋನ್ ಕುಕ್ಕಿದಳು. ಆಮೇಲೆ ಅವನ ಮಾತಿನ ತುದಿ ತಲೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಒಣಗೂ ಹಾಕಾಯ್ತು. ಏನನ್ನು?

ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಸೊಸೆ ಒಳಗೆ ಕಾಲಿಟ್ಟ ಕೂಡಲೇ ಅವರ ಕೈ ಮಂಚದ ಹಿಂದಿನ ಸಂದಿಗೆ ಹೋಯಿತು. ಬೆಂಕಿಪೊಟ್ಟಣ ಬಗ್ಗಿ ನೋಡಿದಳು. ಮಂಚಕ್ಕೂ ಗೋಡೆಗೂ ನಡುವೆ ಒಂದು ಹಗ್ಗ. ಹಗ್ಗದ ಮೇಲೆ ಎರಡು ಬೆಡ್‌ಶೀಟ್, ಸರಿಯಾಗಿ ಹಿಂಡದೆ ಇನ್ನೂ ಒದ್ದೆಯಾಗಿಯೇ ಇದ್ದವು. ಕೆಳಗೆ ಪೇಪರ್ ಹಾಸಿತ್ತು.

"ಅತ್ತೆ, ಇದನ್ನ ಯಾರು ಒಗೆದದ್ದು?"

"ಮೆತ್ತಗೆ ಮಾತಾಡು."

"ಮೆತ್ತಗೆ ಆಗಲ್ಲ ನನಗೆ! ಆ ಸೊಂಟ ಇಟ್ಕೊಂಡು ಬಚ್ಚಲಲ್ಲಿ ಕೂತ್ಕೊಂಡು ಒಗೆದ್ರಾ? ಜಾರಿ ಬಿದ್ದಿದ್ರೆ?"

"ನಿಂತ್ಕೊಂಡೇ ಒಗೆದೆ. ಸ್ಟೂಲ್ ಮೇಲೆ ಬಕೆಟ್ ಇಟ್ಕೊಂಡು." ಅತ್ತೆ ಅದನ್ನು ಹೇಳಿದ ರೀತಿಯಲ್ಲಿ ಒಂಚೂರು ಹೆಮ್ಮೆಯೂ ಇತ್ತು.

"ಮತ್ತೆ ಮೆಕ್ಯಾನಿಕ್ ಫೋನ್ ಮಾಡಿದ್ರೆ ಆಯ್ತು ಅಂತ ಯಾಕೆ ಅಂದ್ರಿ?"

"ಮೆಕ್ಯಾನಿಕ್ಕಾ ಅದು?" ಅತ್ತೆ ಎದ್ದು ಕೂತರು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಯಾರೋ ಗಂಡಸಿನ ದನಿ, ಬಟ್ಟೆ ಆಯ್ತಾ ಅಂದ. ನಾನು ಆಗ ತಾನೇ ಒಗೆದು ಇಲ್ಲಿ ಹರವಿದ್ದೆ. ಅಯ್ಯೋ, ಯಾವನೋ ಕಿಟಕೀಲಿ ನೋಡಿಬಿಟ್ಟ ಅಂತ ಎದೆ ಧಸಕ್ಕಂತು. ಆಯ್ತಪ್ಪಾ, ಒಣಗೂ ಹಾಕಾಯ್ತು ಅಂದು ಇಟ್ಬಿಟ್ಟೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಬೆಂಕಿಪೊಟ್ಟಣಕ್ಕೆ ತಿಳಿಯಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಚೊಂಬು ಬೆಳಿಗ್ಗೆ ತುಂಬಿಟ್ಟಷ್ಟೇ ತುಂಬಿತ್ತು. ಅದನ್ನು ಕಂಡು ನಗು ಅಲ್ಲೇ ಸತ್ತಿತು.

"ನೀರು ಕುಡಿದಿಲ್ಲ ನೀವು."

"ದಾಹ ಇಲ್ಲ."

"ಶುರು ಮಾಡಿದ್ರಾ ಮತ್ತೆ?"

ಅತ್ತೆ ಚೊಂಬನ್ನು ಆಚೆ ಸರಿಸಿದರು. "ನೋಡು, ಆ ಮಷಿನ್ ಕೆಟ್ಟದ್ದು ನನ್ನಿಂದ. ದಿನಾ ದಿನಾ ಅದಕ್ಕೆ ಅದೇ ಕೊಳಕು ತುಂಬಿಸಿದ್ರೆ ಅದಕ್ಕೂ ಅಸಹ್ಯ ಆಗಲ್ವಾ? ಇರೋ ಮನೆಗೂ ಸಂಚಕಾರ. ಭಾನುವಾರ ನಾನು ಹೋಗ್ತೀನಿ. ಹೋದ ಮೇಲೆ ಅದೂ ಸರಿ ಹೋಗುತ್ತೆ, ನೀವೂ ಸರಿ ಇರ್ತೀರಿ."

"ಮಷಿನ್ನಿಗೆ ಅಸಹ್ಯವಂತೆ! ಬುದ್ಧಿ ಎಲ್ಲಿಟ್ಟಿದೀರಿ, ಟ್ರಂಕಲ್ಲಾ?"

ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿದರು. ಆ ಬೆನ್ನಿನ ಜೊತೆ ಜಗಳವಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಮತ್ತೆ ಮೇಲೆ ಹೋದಳು. ಮೆಕ್ಯಾನಿಕ್‌ಗೆ ಆದ ಗೊಂದಲ ಬಿಡಿಸಿ ಹೇಳಿದಳು. ಅತ್ತೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಓನರ್ ಪೇಪರ್ ಹಿಂದಿನಿಂದಲೇ, "ಆಯ್ತು, ಅವನಿಗೆ ಮತ್ತೆ ಹೇಳ್ತೀನಿ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದವರಿಗಾದರೂ ಬಾರಿಸಿದ ಸುಖ ಸಿಕ್ಕಿರುತ್ತದೆ. ಇವಳಿಗೆ ಅದೂ ಸಿಗಲಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ತಲೆಯಲ್ಲಿ ಒಂದು ಕಡ್ಡಿ ಗೀರಿತು. ಈ ಮನುಷ್ಯ ಕಿವಿಗೆ ಏನು ಬಿದ್ದರೂ ಆಯ್ತು ಅನ್ನುತ್ತಾನೆ. ಏನು ಬಿದ್ದರೂ.

ಶನಿವಾರ ರಜೆ ಹಾಕಿದಳು. ಗಂಡ ವಾರವಿಡೀ ಪ್ರೆಸ್ಸಿಗೆ ಹಾಕಿಕೊಂಡಿದ್ದ ಅಂಗಿ, ಪ್ಯಾಂಟು, ಕೈ ಒರೆಸುವ ಬಟ್ಟೆ, ಎಲ್ಲವನ್ನೂ ದೊಡ್ಡ ಟಬ್ಬಿಗೆ ತುಂಬಿದಳು. ಶಾಯಿಯಿಂದ ಅವು ತಮ್ಮಷ್ಟಕ್ಕೆ ತಾವೇ ನಿಲ್ಲುವಷ್ಟು ಗಟ್ಟಿಯಾಗಿದ್ದವು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯಾ?" ಅಂದ ಗಂಡ.

"ಹೋಗ್ಲಿ ಬಿಡು" ಅಂದಳು.

ಅವನು ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದನ್ನು ಅವನು ಕೇಳಿರಲಿಲ್ಲ.

ಓನರ್ ಪೇಪರಿನ ಒಳಗಿದ್ದರು.

"ಸಾರ್, ನಮ್ಮ ಮಷಿನ್ ಇನ್ನೂ ಆಗಿಲ್ಲ."

"ಆಯ್ತು."

"ಅದಾಗೋ ತನಕ ದಿನಾ ನಿಮ್ಮದರಲ್ಲಿ ಹಾಕ್ಕೊಳ್ತೀನಿ, ಸಾರ್."

"ಆಯ್ತು, ಆಯ್ತು."

ಅವಳು ಟಬ್ ಎತ್ತಿಕೊಂಡು ಒಳಗೆ ನಡೆದಳು. ಓನರ ಹೆಂಡತಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಮಷಿನ್ನಿನ ಬಾಗಿಲು ಮುಚ್ಚಿ, ಗುಂಡಿ ಒತ್ತಿ ಆಗಿತ್ತು. ಅದೇ ಗಾಜು, ಅದೇ ನೀರು. ನೀರು ಮೊದಲು ಬೂದುಬಣ್ಣವಾಯಿತು, ಆಮೇಲೆ ಕಪ್ಪಾಯಿತು.

"ಅಯ್ಯೋ, ಏನಮ್ಮಾ ಇದು? ನನ್ನ ಮಷಿನ್ನಿಗೆ ಟಾರು ಹಾಕಿದೀಯಾ?"

"ಟಾರಲ್ಲ, ಅಚ್ಚಿನ ಶಾಯಿ. ಸಾರ್‌ನ ಕೇಳೇ ಹಾಕಿದ್ದು."

"ರೀ! ನೀವು ಹೂಂ ಅಂದ್ರಾ?"

"ನಾನೆಲ್ಲಿ ಅಂದೆ?" ಓನರ್ ಪೇಪರ್ ಬಿಸಾಕಿ ಬಂದರು. ಗಾಜಿನಲ್ಲಿ ಕಂಡದ್ದನ್ನು ನೋಡಿ ಬಾಯಿ ಬಿಟ್ಟರು.

"ಎರಡು ಸಲ ಅಂದ್ರಿ ಸಾರ್. ಆಯ್ತು, ಆಯ್ತು ಅಂತ. ನಾಳೆ ಇದರ ಎರಡರಷ್ಟು ತರ್ತೀನಿ. ಪ್ರೆಸ್ಸಿನಲ್ಲಿ ನಮ್ಮೋರ ಜೊತೆ ಇನ್ನೂ ಆರು ಜನ ಇದ್ದಾರೆ, ಪಾಪ, ಅವರ ಬಟ್ಟೇನೂ ತಂದ್ರೆ ಪುಣ್ಯ ಬರುತ್ತೆ."

ಓನರ ಹೆಂಡತಿ ಮೆಕ್ಯಾನಿಕ್‌ನ ಸ್ವಂತ ಅಕ್ಕ. ಆಕೆಯೇ ಫೋನ್ ತೆಗೆದುಕೊಂಡಳು. ತಮ್ಮನಿಗೆ ಆಕೆ ಆಡಿದ ಮಾತುಗಳಲ್ಲಿ ಮಷಿನ್ ಅನ್ನುವುದೊಂದನ್ನು ಬಿಟ್ಟರೆ ಬರೆಯಬಹುದಾದದ್ದು ಏನೂ ಇಲ್ಲ. ಅವನು ಊಟದ ಹೊತ್ತಿಗೆ ಮುಂಚೆಯೇ ಬೆವರು ಒರೆಸಿಕೊಳ್ಳುತ್ತ ಬಂದ.

ಬಂದವನು ಮಷಿನ್ನಿಗೆ ಎರಡು ತಟ್ಟು ತಟ್ಟಿ, ಕಿವಿಯಿಟ್ಟು ಕೇಳಿ, "ಬೋರ್ಡ್ ಹೋಗಿದೆ" ಅಂದ. ಆಮೇಲೆ "ಮೋಟಾರ್ ಹೋಗಿರಬೇಕು" ಅಂದ.

"ನಿನ್ನ ತಲೆ ಹೋಗಿದೆಯಾ ಮೊದಲು ನೋಡ್ಕೋ" ಅಂದಳು ಬೆಂಕಿಪೊಟ್ಟಣ. "ನೀರು ಹೊರಗೆ ಹೋಗೋ ದಾರಿ ಎಲ್ಲಿದೆ, ಅಲ್ಲಿ ನೋಡು."

ಅವನು ಮಷಿನ್ನನ್ನು ಹಿಂದಕ್ಕೆ ವಾಲಿಸಿ, ಕೆಳಮೂಲೆಯ ಸಣ್ಣ ಮುಚ್ಚಳವನ್ನು ತಿರುಗಿಸಿದ. ಐದು ದಿನದ ನೀರು ಒಂದೇ ಸಲ ನುಗ್ಗಿ ಅವನ ಚಪ್ಪಲಿಯನ್ನು ತೇಲಿಸಿಕೊಂಡು ಬಚ್ಚಲಿನ ಬಾಯಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಓನರ್ ಪಂಚೆ ಎತ್ತಿಕೊಂಡು ಹಿಂದೆ ಹಾರಿದರು. ವಾಸನೆಗೆ ಮೂವರೂ ಮೂಗು ಮುಚ್ಚಿಕೊಂಡರು. ಕೋಣೆಯಲ್ಲಿ ಅತ್ತೆಯ ಮಂಚ ಕಿರ್ ಅಂತ ಸದ್ದು ಮಾಡಿತು. ಅವರು ಕಿವಿಗೊಟ್ಟು ಕೂತಿದ್ದಾರೆ ಅಂತ ಸೊಸೆಗೆ ಗೊತ್ತಾಯಿತು. ಈಗ ಒಂದು ಕೆಟ್ಟ ಮಾತು ಯಾರ ಬಾಯಿಂದಲಾದರೂ ಬಂದರೆ ನಾಳೆಯವರೆಗೂ ಕಾಯದೆ ಹೊರಟುಬಿಡುತ್ತಾರೆ.

ಮೆಕ್ಯಾನಿಕ್ ಆ ತೂತಿನೊಳಗೆ ಎರಡು ಬೆರಳು ತೂರಿಸಿ ಎಳೆದ. ಇಲಿಮರಿಯಷ್ಟು ದಪ್ಪದ್ದೊಂದು ಉಂಡೆ ಹೊರಗೆ ಬಂತು. ಅವನು ಅದನ್ನು ನಲ್ಲಿಯ ಕೆಳಗೆ ಹಿಡಿದ. ಕೆಂಪು, ಹಸಿರು, ಹಳದಿ, ಖಾಕಿ. ದಾರ. ಬರೀ ದಾರ. ತುಂಡು ತುಂಡು ದಾರಗಳು ಹೆಣೆದುಕೊಂಡು ಹಗ್ಗದ ಹಾಗೆ ಗಟ್ಟಿಯಾಗಿದ್ದವು.

"ನೋಡಿ, ನೋಡಿ!" ಓನರ್‌ಗೆ ಹೋದ ಜೀವ ಬಂದಂತಾಯಿತು. "ಇದು ಎಲ್ಲಿಯ ದಾರ? ನಿಮ್ಮ ಗಾರ್ಮೆಂಟ್ಸಿಂದಲ್ವಾ? ದಿನಾ ಮೈತುಂಬ ದಾರ ಅಂಟಿಸ್ಕೊಂಡು ಬಂದು, ಕೊಡವದೆ ಹಾಗೇ ಹಾಕ್ತಿದ್ರಿ. ಮಷಿನ್ ಕೆಡಿಸಿದ್ದು ನೀವು, ಕೂಗಾಡಿದ್ದು ನಮ್ಮ ಮೇಲೆ! ತಪ್ಪು ಯಾರದಮ್ಮ ಈಗ, ಹೇಳಿ!"

ಬೆಂಕಿಪೊಟ್ಟಣ ಆ ಉಂಡೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ಹೋದ ತಿಂಗಳ ಶಾಲೆಯ ಯೂನಿಫಾರ್ಮಿನ ಹಸಿರು. ಅದರ ಹಿಂದಿನ ತಿಂಗಳ ಖಾಕಿ. ಎಲ್ಲ ಅವಳ ಸಾಲಿನದೇ. ಓನರ್ ಅವಳು ಸಿಡಿಯುತ್ತಾಳೆ ಅಂತ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ನನ್ನದು ಸಾರ್!" ಅಂದಳು. ಮುಖ ಅರಳಿತ್ತು. "ನನ್ನದೇ ತಪ್ಪು! ಪೂರ್ತಿ ನನ್ನದೇ!" ಅಂದು ಒದ್ದೆ ಕಾಲಲ್ಲೇ ಕೋಣೆಗೆ ಓಡಿದಳು. "ಅತ್ತೆ, ನೋಡಿ ಇಲ್ಲಿ. ಕೆಡಿಸಿದ್ದು ನಾನು. ದಾರ! ನಿಮ್ಮದೇನೂ ಇಲ್ಲ ಇದರಲ್ಲಿ, ಕೇಳಿಸ್ತಾ? ಬರೀ ದಾರ!"

"ಇವರಿಗೇನಾಯ್ತು?" ಅಂದರು ಓನರ್ ಭಾವಮೈದನಿಗೆ. ತಪ್ಪು ನನ್ನದು ಅಂತ ಕುಣಿದಾಡುವ ಬಾಡಿಗೆದಾರಳನ್ನು ಅವರು ಇದುವರೆಗೆ ಕಂಡಿರಲಿಲ್ಲ.

ಅತ್ತೆ ಆ ಉಂಡೆಯನ್ನು ಕೈಗೆ ತೆಗೆದುಕೊಂಡರು. ಉಗುರಿನಿಂದ ಒಂದು ಹಸಿರು ಎಳೆ ಬಿಡಿಸಿದರು, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಮತ್ತೊಂದು ಕೆಂಪು ಎಳೆ ಬಿಡಿಸಿದರು. "ಅಷ್ಟೂ ನಿನ್ನದೇನಾ?" ಅಂದರು.

"ಅಷ್ಟೂ."

"ಹೊಲಿಯೋ ಹೆಂಗಸು, ಬಟ್ಟೆ ಕೊಡವಿ ಹಾಕಬೇಕು ಅಂತ ಗೊತ್ತಾಗಲ್ವಾ ನಿನಗೆ?"

"ಬೈರಿ ಅತ್ತೆ, ಚೆನ್ನಾಗಿ ಬೈರಿ" ಅಂದಳು ಸೊಸೆ.

ಅಷ್ಟರಲ್ಲಿ ಬಚ್ಚಲಿನಲ್ಲಿ ಇನ್ನೊಂದು ರಾಮಾಯಣ ಶುರುವಾಯಿತು. ಮಷಿನ್ ನೀರು ಬಿಟ್ಟಿತು, ಬಾಗಿಲು ತೆರೆಯಿತು. ಅವಳು ಬೆಡ್‌ಶೀಟನ್ನು ಯಾರ ಕಣ್ಣಿಗೂ ಬೀಳದಂತೆ ಬಕೆಟ್ಟಿಗೆ ಹಾಕಿಟ್ಟು ಬಂದ ಮೇಲೆ ಮೆಕ್ಯಾನಿಕ್ ಮಷಿನ್ನನ್ನು ಖಾಲಿಯಾಗಿ ತಿರುಗಿಸಿ ನೋಡಿದ. ಅದು ಗಡಗಡ ನಡುಗುತ್ತ, ಹೆಜ್ಜೆ ಹಾಕುತ್ತ, ಬಚ್ಚಲು ಬಿಟ್ಟು ಬಾಗಿಲ ಕಡೆ ಹೊರಟಿತು. ಅವನು ವಾಲಿಸುವಾಗ ಅದರ ಒಂದು ಕಾಲು ಲಟಕ್ಕನೆ ಮುರಿದಿದ್ದನ್ನು ಅವನೂ ನೋಡಿರಲಿಲ್ಲ.

"ಒಂದು ರಿಪೇರಿಗೆ ಬಂದು ಇನ್ನೊಂದು ಕೊಟ್ಟು ಹೋಗ್ತಿದೀಯಲ್ಲೋ!" ಅವಳು ಮಷಿನ್ನನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದಳು. ಮಷಿನ್ ಅವಳನ್ನೂ ಎಳೆದುಕೊಂಡು ಹೊರಟಿತು.

"ಏನೂ ಆಗಲ್ಲ ಅಕ್ಕಾ, ಮೇಲೆ ಏನಾದ್ರೂ ಭಾರ ಇಟ್ರೆ ಸುಮ್ನಿರುತ್ತೆ. ಆ ಕಾಲು ಈಗ ಸಿಗಲ್ಲ, ತರಿಸಬೇಕು. ಅಲ್ವಾ ಭಾವ?"

"ಆಯ್ತು" ಅಂದರು ಓನರ್. "ತರಿಸೋಣ." ಇಬ್ಬರೂ ಹೊರಟುಹೋದರು.

ಬೆಂಕಿಪೊಟ್ಟಣ ಸುತ್ತ ನೋಡಿದಳು. ಭಾರ. ಮನೆಯಲ್ಲಿ ಭಾರದ್ದು ಏನಿದೆ?

"ರೀ, ಬನ್ನಿ ಇಲ್ಲಿ, ಒಂದು ಕೈ ಹಿಡೀರಿ" ಅಂದು ಗಂಡನನ್ನು ಕೂಗಿದಳು. ಇಬ್ಬರೂ ಏದುಸಿರು ಬಿಡುತ್ತ ನಡುಮನೆಯಿಂದ ಟ್ರಂಕನ್ನು ಎತ್ತಿ ತಂದು ಮಷಿನ್ ಮೇಲೆ ಕುಕ್ಕಿದರು. ಹಿತ್ತಾಳೆ ಪಾತ್ರೆಗಳು, ಇದ್ದಿಲ ಇಸ್ತ್ರಿ ಪೆಟ್ಟಿಗೆ, ಅತ್ತೆಯ ಇಡೀ ಪ್ರಯಾಣ ಅದರೊಳಗಿತ್ತು. ಮಷಿನ್ ಒಂದು ಸಲ ಗುರ್ ಅಂದು ತೆಪ್ಪಗಾಯಿತು. ಅವಳು ಅತ್ತೆಯ ನೀಲಿ ಹೂವಿನ ಬೆಡ್‌ಶೀಟನ್ನು ಮತ್ತೆ ಒಳಗೆ ಹಾಕಿ ಬಾಗಿಲು ಮುಚ್ಚಿ ಗುಂಡಿ ಒತ್ತಿದಳು.

ಅತ್ತೆ ಗೋಡೆ ಹಿಡಿದುಕೊಂಡು ಬಚ್ಚಲ ಬಾಗಿಲಿಗೆ ಬಂದರು.

"ಅದು ನನ್ನ ಟ್ರಂಕಲ್ವಾ? ಇಳಿಸು. ನಾಳೆ ಚಿಕ್ಕೋನು ಬರ್ತಾನೆ."

"ಬರ್ಲಿ. ಟೀ ಕುಡಿದು ಹೋಗ್ಲಿ. ಟ್ರಂಕು ಮಾತ್ರ ಇಳಿಸೋ ಹಾಗಿಲ್ಲ. ಇಳಿಸಿದ್ರೆ ಮಷಿನ್ ನಡ್ಕೊಂಡು ಬೀದಿಗೆ ಹೋಗುತ್ತೆ. ಹೊಸ ಕಾಲು ಬರೋ ತನಕ ಅದು ಅಲ್ಲೇ ಇರಬೇಕು."

ಅತ್ತೆ ಮಷಿನ್ ನೋಡಿದರು, ಟ್ರಂಕು ನೋಡಿದರು. ಗಾಜಿನ ಮೇಲೆ ಟವೆಲ್ ಇರಲಿಲ್ಲ. ಒಳಗೆ ನೀಲಿ ಹೂವುಗಳು ನೊರೆಯಲ್ಲಿ ಸುತ್ತುತ್ತಿದ್ದವು.

"ಹೊಸ ಕಾಲು ಯಾವಾಗ ಬರುತ್ತಂತೆ?"

"ತರಿಸ್ತಾರಂತೆ ಅತ್ತೆ" ಅಂದಳು ಬೆಂಕಿಪೊಟ್ಟಣ. "ಓನರ್ ಆಯ್ತು ಅಂದಿದ್ದಾರೆ."

ಅತ್ತೆಯ ತುಟಿಯ ಮೂಲೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ನಗು ತಡೆಯಲಾರದೆ ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಸುಮ್ನೆ ನಗಿಸಬೇಡ, ಗಂಟಲು ಒಣಗಿದೆ" ಅಂದರು. "ಒಂದು ಲೋಟ ನೀರು ಕೊಡು."